ದಿವಾಳಿ, ರಾಜಿ ಮತ್ತು ಕುಣಿಮಗ್ಗದ ಮನೆ

ನಮ್ಮ ಮನೆಯಲ್ಲಿ ಒಂದು ತಗಡಿನ ಟ್ರಂಕು ಇದೆ. ಇಳಕಲ್ಲಿನ ಹಳೆಯ ಮನೆಯಿಂದ ಬಂದದ್ದು. ಅದರಲ್ಲಿ ದಾದಿಯ ಒಂದು ಟೋಪತೆನಿ ಸೆರಗಿನ ಸೀರೆ, ಅಬ್ಬಾ ಓದಿದ ಉರ್ದು ಪುಸ್ತಕ, ನಾಲ್ಕು ಮಡಿಕೆ ಮಾಡಿಟ್ಟ ಒಂದು ಸ್ಟಾಂಪು ಕಾಗದ. ಕಾಗದದ ಒಂದು ಮೂಲೆ ಹರಿದಿದೆ. ಹಳತಾಗಿ ಹರಿದದ್ದಲ್ಲ, ಬೇಕೆಂದೇ ಹರಿದದ್ದು. ಸಾಲ ತೀರಿದ ದಿನ ಸಾವಕಾರ ಪತ್ರದ ಮೂಲೆ ಹರಿದು, ಹಿಂದಿನ ಮಗ್ಗಲಿಗೆ 'ಭರಪಾಯಿ' ಎಂದು ಬರೆದು ಕೈಗಿಟ್ಟನಂತೆ. ಇಸವಿ 1953.

ಈದಿನ ಹಿಂದಿನ ದಿನ ಟ್ರಂಕು ತೆರೆದಾಗಲೆಲ್ಲ ದಾದಿ ಆ ಕಾಗದವನ್ನು ಮಕ್ಕಳಾದ ನಮಗೆ ತೋರಿಸುತ್ತಿದ್ದರು. "ನಿಮ್ಮ ದಾದಾ ಯಾರದೂ ಒಂದು ದುಡ್ಡು ಮುಳುಗಿಸಲಿಲ್ಲ. ಇದು ದಿವಾಳಿ ಎದ್ದ ಮನೆ ಅಲ್ಲ" ಎನ್ನುತ್ತಿದ್ದರು. ಹಾಗೆನ್ನುವಾಗ ಅವರ ದನಿ ಸ್ವಲ್ಪ ಎತ್ತರವಾಗುತ್ತಿತ್ತು. ಓಣಿಯ ಆಚೆ ಬದಿಯಲ್ಲಿ ದಿವಾಳಿ ಎದ್ದ ಮನೆಯೊಂದು ಇತ್ತಲ್ಲ, ಅದಕ್ಕೆ. ಆ ಮನೆಯ ಯಜಮಾನ ದಾದಾನ ಜೊತೆಗಾರ. ಇಬ್ಬರದೂ ಒಂದೇ ಸಾವಕಾರನ ಸಾಲ, ಒಂದೇ ವರ್ಷದ ಡಿಕ್ರಿ. ಒಬ್ಬ ರಾಜಿಗೆ ಕೂತ, ಇನ್ನೊಬ್ಬ ಕೋರ್ಟಿಗೆ ಹೋಗಿ ದಿವಾಳಿ ಅರ್ಜಿ ಕೊಟ್ಟ. ನಾವು ಬೆಳೆದದ್ದು ರಾಜಿಯ ಹೆಮ್ಮೆಯಲ್ಲಿ. ಈಗ ನಲವತ್ತು ದಾಟಿದ ಮೇಲೆ ಆ ಕಾಗದವನ್ನು ಮತ್ತೆ ಬಿಡಿಸಿ ಓದುವಾಗ ಆ ಹೆಮ್ಮೆಯ ಲೆಕ್ಕ ಸರಿಬರುತ್ತಿಲ್ಲ. ಈ ಬರಹ ಹುಟ್ಟಿದ್ದು ಆ ಲೆಕ್ಕದಿಂದ.

ಮೊದಲು ಮಾತುಗಳನ್ನು ನೋಡೋಣ. 'ದಿವಾಳಿ' ಎಂಬ ಮಾತಿನ ಮೂಲದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಆದರೆ ದೀಪಕ್ಕೂ ಅದಕ್ಕೂ ನಂಟು ಹೇಳುವವರು ಬಹಳ. ವ್ಯಾಪಾರ ಮುಳುಗಿದ ವರ್ತಕ ತನ್ನ ಅಂಗಡಿಯಲ್ಲಿ ದೀಪ ಹಚ್ಚಿಟ್ಟು ಮರೆಯಾಗುತ್ತಿದ್ದ, ಸಾಲ ಕೊಟ್ಟವರು ಬಂದು ಲೆಕ್ಕ ನೋಡಿ ಇದ್ದದ್ದನ್ನು ಹಂಚಿಕೊಂಡ ಮೇಲೆ ತಿರುಗಿ ಬರುತ್ತಿದ್ದ ಎಂದು ಕಂಪನಿ ಕಾಲದ ಇಂಗ್ಲಿಷರು ಬರೆದಿಟ್ಟಿದ್ದಾರೆ. ನಮ್ಮ ಮನೆಯ ಉರ್ದುವಿನಲ್ಲಿ ಇನ್ನೊಂದು ಮಾತಿದೆ: ಮುಫ್ಲಿಸ್. ಅರಬ್ಬಿಯ 'ಫಲ್ಸ್' ಅಂದರೆ ತಾಮ್ರದ ಕಾಸು. ಚಿನ್ನ ಬೆಳ್ಳಿಯೆಲ್ಲ ಹೋಗಿ ತಾಮ್ರದ ಕಾಸಿಗೆ ಇಳಿದವನು ಮುಫ್ಲಿಸ್. ಫಾರಸಿಯ 'ನಾದಾರ್' ಎಂದರೆ ಇಲ್ಲದವನು. ಮರಾಠಿ ಕೋರ್ಟುಗಳಲ್ಲಿ ದಿವಾಳಿಗೆ ಇದೇ ಮಾತು ನಡೆಯಿತು. ಇನ್ನು ಸಾಲದ ಸಂಸಾರದ ಉಳಿದ ಮಾತುಗಳು: ಕರಾರು, ಜಾಮೀನು, ಬಾಕಿ, ವಸೂಲಿ, ಜಪ್ತಿ, ರಾಜಿ. ಇವೆಲ್ಲ ಅರಬ್ಬಿ ಫಾರಸಿಯಿಂದ ಹೊರಟು ಬಹಮನಿ, ಆದಿಲಶಾಹಿ, ಪೇಶ್ವೆ ದಫ್ತರಗಳನ್ನು ಹಾಯ್ದು ನಮ್ಮ ಹಳ್ಳಿಯ ಬಾಯಿಗೆ ಬಂದವು. ಹುನಗುಂದದ ರೈತ ಇವನ್ನು ಪರದೇಶದ ಮಾತೆಂದು ತಿಳಿದಿಲ್ಲ. 'ಸಾಲ' ಮಾತ್ರ ಅಚ್ಚ ಕನ್ನಡದ್ದು. ಸಾಲ ನಮ್ಮದು, ವಸೂಲಿ ಸರಕಾರದ್ದು ಎಂದು ಒಮ್ಮೆ ಗೆಳೆಯರೊಬ್ಬರು ತಮಾಷೆ ಮಾಡಿದ್ದರು. ತಮಾಷೆ ಪೂರಾ ತಮಾಷೆಯಲ್ಲ.

ಸಾಲಗಾರ ಕೈಚೆಲ್ಲಿದಾಗ ಏನು ಮಾಡಬೇಕು ಎಂಬ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. ಹುನಗುಂದ ತಾಲೂಕಿನ ಐಹೊಳೆಯ ಹೆಸರು ಹೊತ್ತ ಐನೂರ್ವರ ವರ್ತಕ ಸಂಘ ದಕ್ಷಿಣ ದೇಶವನ್ನೆಲ್ಲ ಸುತ್ತಿದ ಕಾಲವೊಂದಿತ್ತು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ ಕೂತು 'ಮಿತಾಕ್ಷರ' ಬರೆದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಯ ಸಾಲದ ಪ್ರಕರಣಕ್ಕೆ ದೀರ್ಘವಾದ ವ್ಯಾಖ್ಯಾನ ಮಾಡಿದ್ದಾನೆ. ಆ ಸ್ಮೃತಿಯ ಪ್ರಕಾರ ಕೈಲಾಗದ ಕೆಳಜಾತಿಯ ಸಾಲಗಾರ ಮೈಮುರಿದು ದುಡಿದು ತೀರಿಸಬೇಕು. ಕೈಲಾಗದ ಬ್ರಾಹ್ಮಣ ಅನುಕೂಲವಾದಂತೆ ಮೆಲ್ಲಮೆಲ್ಲಗೆ ಕೊಟ್ಟರಾಯಿತು. ಅಂದರೆ ಒಬ್ಬನಿಗೆ ಜೀತ, ಇನ್ನೊಬ್ಬನಿಗೆ ಕಂತು. ಅದೇ ಧರ್ಮಶಾಸ್ತ್ರದಲ್ಲಿ ಒಂದು ದೊಡ್ಡ ಕರುಣೆಯೂ ಇದೆ. ಒಮ್ಮೆಲೇ ವಸೂಲಿ ಮಾಡುವಾಗ ಬಡ್ಡಿ ಅಸಲನ್ನು ಮೀರಕೂಡದು. ಇದಕ್ಕೆ 'ದಾಮದುಪ್ಪಟ' ಎಂದು ಹೆಸರು.

ಇಸ್ಲಾಮೀ ಪರಂಪರೆಯೂ ಈ ಗಂಟನ್ನು ಬಿಡಿಸಲು ಹೆಣಗಿದೆ. ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಮುದ್ದತ್ತು ಕೊಡಬೇಕು, ಬಿಟ್ಟುಬಿಟ್ಟರೆ ಇನ್ನೂ ಒಳ್ಳೆಯದು ಎಂಬುದು ಕುರ್‌ಆನಿನ ಆದೇಶ. ಜಕಾತಿನ ಹಣಕ್ಕೆ ಹಕ್ಕುದಾರರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಒಬ್ಬರು. ಮಸೀದಿಯಲ್ಲೇ ಸಾಲಕ್ಕಾಗಿ ಇಬ್ಬರ ದನಿ ಏರಿದಾಗ ಪ್ರವಾದಿಯವರು ತಮ್ಮ ಕೋಣೆಯ ಪರದೆ ಸರಿಸಿ, ಕೊಟ್ಟವನಿಗೆ ಅರ್ಧ ಬಿಡಲು ಸನ್ನೆ ಮಾಡಿ, ತೆಗೆದುಕೊಂಡವನಿಗೆ ಎದ್ದು ಉಳಿದದ್ದನ್ನು ತೀರಿಸು ಎಂದ ಪ್ರಸಂಗ ಹದೀಸಿನಲ್ಲಿದೆ. ರಾಜಿಯ ಮಾದರಿ ಇದು. ಮುಆದ್ ಎಂಬ ಸಂಗಾತಿಯ ಸಾಲ ಮಿತಿಮೀರಿದಾಗ ಆತನ ಆಸ್ತಿ ಮಾರಿ ಸಾಲಕೊಟ್ಟವರಿಗೆ ಹಂಚಿದ ಪ್ರಸಂಗವೂ ಇದೆ. ಅದು ದಿವಾಳಿಯ ಮಾದರಿ. ಕಾನೂನು ಪಂಡಿತರಲ್ಲಿ ಒಮ್ಮತವಿರಲಿಲ್ಲ. ಬುದ್ಧಿ ನೆಟ್ಟಗಿರುವ ವಯಸ್ಕನ ಕೈಯಿಂದ ಅವನ ಆಸ್ತಿಯ ಅಧಿಕಾರವನ್ನು ಕಾಜಿ ಕಸಿಯಲಾಗದು ಎಂದು ಇಮಾಮ್ ಅಬೂ ಹನೀಫಾ ಹೇಳಿದರು. ಕಸಿಯಬಹುದು, ಮಾರಬಹುದು ಎಂದು ಅವರ ಶಿಷ್ಯರೇ ಆದ ಅಬೂ ಯೂಸುಫ್ ಮತ್ತು ಮುಹಮ್ಮದ್ ವಾದಿಸಿದರು. ಗುರುವಿಗೆ ಮುಖ್ಯವಾದದ್ದು ಮನುಷ್ಯನ ಮಾನ, ಶಿಷ್ಯರಿಗೆ ಸಾಲಕೊಟ್ಟವರ ಹಕ್ಕು.

ಇಷ್ಟೆಲ್ಲ ಗ್ರಂಥಗಳಲ್ಲಿ. ನಮ್ಮ ನಾಲ್ಕು ಊರುಗಳಲ್ಲಿ ಏನು ನಡೆಯಿತು?

ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು ಬ್ರಿಟಿಷರ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಗೆ ಸೇರಿದ್ದವು. 1885ರಲ್ಲಿ ಜಿಲ್ಲೆಯ ಮುಖ್ಯಠಾಣೆ ವಿಜಾಪುರಕ್ಕೆ ಹೋಯಿತು. ಕಂದಾಯವನ್ನು ನಗದಿನಲ್ಲಿ, ಹೇಳಿದ ದಿನಕ್ಕೆ ಕಟ್ಟಬೇಕೆಂಬ ಹೊಸ ಕಟ್ಟಳೆ ರೈತನನ್ನು ಸಾವಕಾರನ ಜಗಲಿಗೆ ತಂದಿತು. 1859ರ ಕಾಲಮಿತಿ ಕಾಯ್ದೆ ಸಾಲಪತ್ರಕ್ಕೆ ಮೂರೇ ವರ್ಷದ ಆಯುಷ್ಯ ಕೊಟ್ಟಿತು. ಸಾಲಗಾರನನ್ನು ಉಳಿಸಲೆಂದು ಮಾಡಿದ ಕಾಯ್ದೆಯೇ ಅವನ ಕುತ್ತಿಗೆಗೆ ಬಂತು. ಮೂರು ವರ್ಷಕ್ಕೊಮ್ಮೆ ಪತ್ರ ಹೊಸದು ಮಾಡುವುದು, ಹಳೆಯ ಬಡ್ಡಿಯನ್ನು ಅಸಲಿಗೆ ಕೂಡಿಸುವುದು, ಓದುಬಾರದವನ ಹೆಬ್ಬೆಟ್ಟು ಒತ್ತಿಸುವುದು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಲ್ಲಿ ಕುಣಬಿಗಳು ಸಾವಕಾರರ ಮನೆ ನುಗ್ಗಿದಾಗ ಮುಖ್ಯವಾಗಿ ಹುಡುಕಿದ್ದು ದುಡ್ಡನ್ನಲ್ಲ, ಈ ಪತ್ರಗಳನ್ನು. ಬೀದಿಯಲ್ಲಿ ರಾಶಿ ಹಾಕಿ ಸುಟ್ಟರು. ಅದರ ಬೆನ್ನಿಗೇ 1876ರ ಬರ. ಕಲಾದಗಿ ಜಿಲ್ಲೆಗೆ ಬಿದ್ದ ಪೆಟ್ಟು ಭಯಂಕರ: 1872ರ ಗಣತಿಯಲ್ಲಿ 8 ಲಕ್ಷ 16 ಸಾವಿರ ಇದ್ದ ಜನ 1881ರಲ್ಲಿ 6 ಲಕ್ಷ 38 ಸಾವಿರ. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂದು ಈ ಅಂಕಿ ಬೇರ್ಪಡಿಸಿ ಹೇಳುವುದಿಲ್ಲ. ಬರಗಾಲದ ಸಾಲಕ್ಕೆ ಊರು ಬಿಡುವುದೇ ಆಗಿನ ದಿವಾಳಿ ಕಾಯ್ದೆ.

ದಂಗೆಗೆ ಉತ್ತರವಾಗಿ 1879ರಲ್ಲಿ ಡೆಕ್ಕನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಮೊದಲು ಪುಣೆ, ಸಾತಾರಾ, ಸೋಲಾಪುರ, ಅಹ್ಮದನಗರ ಜಿಲ್ಲೆಗಳಿಗೆ, ಆಮೇಲೆ ತುಂಡು ತುಂಡಾಗಿ ಪ್ರಾಂತದ ಉಳಿದ ಭಾಗಗಳಿಗೆ. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ. ಜಡ್ಜ್ ಪತ್ರದಲ್ಲಿ ಬರೆದ ಮೊತ್ತವನ್ನು ನಂಬಿ ಕೂರುವಂತಿಲ್ಲ. ಸಾಲದ ಚರಿತ್ರೆಯನ್ನು ಮೊದಲಿನಿಂದ ಕೆದಕಿ ನಿಜವಾದ ಅಸಲೆಷ್ಟು ಎಂದು ನೋಡಬೇಕು. ಹಣದ ಡಿಕ್ರಿಗಾಗಿ ರೈತನನ್ನು ಜೇಲಿಗೆ ಹಾಕುವಂತಿಲ್ಲ. ರಾಜಿ ಮಾಡಿಸಲು ಸರಕಾರವೇ ನೇಮಿಸಿದ ಮಧ್ಯಸ್ಥರಿದ್ದರು. ರಾಜಿ ಆಗದಿದ್ದರೆ ದಿವಾಳಿ ಅರ್ಜಿ ಕೊಡಲು ಒಂದು ಅಧ್ಯಾಯವೇ ಇತ್ತು. ಅಂದರೆ ಎರಡೂ ಬಾಗಿಲು ಒಂದೇ ಕಾಯ್ದೆಯಲ್ಲಿ.

ಆದರೆ ಬಾಗಿಲ ಮೇಲೆ ಒಂದು ಫಲಕ ತೂಗುತ್ತಿತ್ತು: 'ಕೃಷಿಕರಿಗೆ ಮಾತ್ರ'. ಬೇಸಾಯವೇ ಮುಖ್ಯ ಜೀವನೋಪಾಯವಾದವನಿಗೆ ಮಾತ್ರ ಅದು ತೆರೆಯುತ್ತಿತ್ತು. ಇಳಕಲ್ಲಿನಲ್ಲಿ ಸೀರೆ ನೇಯುವವನು, ಬಾದಾಮಿ ತಾಲೂಕಿನ ಗುಳೇದಗುಡ್ಡದಲ್ಲಿ ಖಣ ನೇಯುವವನು, ಬಾಗಲಕೋಟೆಯಲ್ಲಿ ಬಣ್ಣ ಹಾಕುವವನು ಆ ಬಾಗಿಲಲ್ಲಿ ನಿಂತು ನೋಡಬಹುದಿತ್ತು, ಅಷ್ಟೆ. ನಮ್ಮ ಭಾಗದ ಸಾಲದ ಚರಿತ್ರೆ ಬರೆಯುವವರೆಲ್ಲ ರೈತನನ್ನು ಕುರಿತು ಬರೆಯುತ್ತಾರೆ. ಬರೆಯಬೇಕಾದದ್ದೇ. ದೇವಾಂಗ, ಪಟ್ಟಸಾಲಿ, ಕುರುಹಿನಶೆಟ್ಟಿ, ಮೋಮಿನ ಎಂದು ಜಾತಿ ಯಾವುದೇ ಇರಲಿ, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತವನ ಸಾಲ ಮಾತ್ರ ಟಿಪ್ಪಣಿಯಾಗಿಯೂ ಬರುವುದಿಲ್ಲ.

ಇಂಥವರಿಗೆ ಉಳಿದದ್ದು ಸಾಮಾನ್ಯ ದಿವಾಳಿ ಕಾಯ್ದೆ. ಮುಂಬಯಿ, ಮದ್ರಾಸು, ಕಲಕತ್ತೆಯಂಥ ಪಟ್ಟಣಗಳಿಗೆ 1909ರದ್ದು ಒಂದು. ಉಳಿದ ನಾಡಿಗೆಲ್ಲ 1907ರದ್ದು, ಅದರ ಜಾಗಕ್ಕೆ ಬಂದ 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಓದಿದರೆ ಅದೇನೂ ಕ್ರೂರ ಕಾಯ್ದೆಯಲ್ಲ. 500 ರೂಪಾಯಿಗೆ ಮೇಲ್ಪಟ್ಟ ಸಾಲವಿದ್ದು ತೀರಿಸಲಾಗದವನು, ಅಥವಾ ಡಿಕ್ರಿಯ ಮೇಲೆ ಸೆರೆ ಸಿಕ್ಕವನು ಜಿಲ್ಲಾ ಕೋರ್ಟಿಗೆ ಅರ್ಜಿ ಕೊಡಬಹುದು. ಕೋರ್ಟು ದಿವಾಳಿಯೆಂದು ಸಾರಿದರೆ ಅವನ ಆಸ್ತಿ ರಿಸೀವರನ ಕೈಗೆ ಹೋಗುತ್ತದೆ, ಮಾರಿ ಸಾಲಗಾರರಿಗೆ ಹಂಚುತ್ತಾರೆ, ಕೊನೆಗೆ ಕೋರ್ಟು ಬಿಡುಗಡೆ ಕೊಟ್ಟರೆ ಉಳಿದ ಸಾಲ ಅಳಿಯುತ್ತದೆ. ಸೆರೆಯ ಭಯವೇ ಆ ಕಾಲಕ್ಕೆ ದೊಡ್ಡದು. 1936ರವರೆಗೆ, ಹಣದ ಡಿಕ್ರಿ ಇದ್ದ ಮೇಲೆ ಕೈಯಲ್ಲಿ ಕಾಸಿರಲಿ ಇಲ್ಲದಿರಲಿ ಸಾಲಗಾರನನ್ನು ಸಿವಿಲ್ ಜೇಲಿಗೆ ಕಳಿಸಲು ಕಾಯ್ದೆಯ ಅಡ್ಡಿ ಇರಲಿಲ್ಲ. ಹೆಂಗಸರಿಗೆ ಮಾತ್ರ ವಿನಾಯಿತಿ. ಜೇಲಿನಲ್ಲಿ ಅವನ ಊಟದ ಖರ್ಚನ್ನು ಕಟ್ಟಬೇಕಾದವನು ಸಾವಕಾರ! ಭತ್ತೆ ನಿಲ್ಲಿಸಿದರೆ ಬಿಡುಗಡೆ. ದಾದಾನ ಕಾಲದ ಕೆಲವು ಸಾವಕಾರರು ಜೇಲಿನ ಊಟದ ಲೆಕ್ಕ ಹಾಕಿಯೇ ರಾಜಿಗೆ ಬಂದರೆಂದು ದಾದಿ ನಗುತ್ತಿದ್ದರು.

ನಮ್ಮ ಮನೆಯ ಕಥೆಗೆ ಬರೋಣ. 1930ರ ನಂತರದ ಜಾಗತಿಕ ಕುಸಿತದಲ್ಲಿ ಜೋಳ, ಹತ್ತಿಯ ದರ ಬಿತ್ತು. ದರ ಬಿದ್ದಾಗ ರೈತನ ಮನೆಯ ಹೆಂಗಸು ಹೊಸ ಸೀರೆ ಕೊಳ್ಳುವುದನ್ನು ಮೊದಲು ನಿಲ್ಲಿಸುತ್ತಾಳೆ. ಮಹಾರಾಷ್ಟ್ರದ ಕಡೆ 'ಇರಕಲ್' ಸೀರೆಯೆಂದು ಹೋಗುತ್ತಿದ್ದ ಮಾಲು ಅಂಗಡಿಗಳಲ್ಲಿ ಉಳಿಯಿತು. ದಾದಾನದು ಎರಡು ಕುಣಿಮಗ್ಗ. ನೂಲು, ರೇಷ್ಮೆ ಸಾವಕಾರನಿಂದ ಉದ್ರಿ. ನೇಯ್ದ ಸೀರೆಯೂ ಅವನಿಗೇ. ಕಾಗದದ ಪ್ರಕಾರ ಅಸಲು 600, ಬಡ್ಡಿ 540, ಒಟ್ಟು 1,140 ರೂಪಾಯಿ. 1934ರಲ್ಲಿ ಡಿಕ್ರಿಯಾಯಿತು. ದಾದಾ ಮತ್ತು ಜೊತೆಗಾರ ಇಬ್ಬರೂ ಬಾಗಲಕೋಟೆಯ ವಕೀಲರೊಬ್ಬರ ಹತ್ತಿರ ಹೋದರು. (ಆ ವಕೀಲರ ಮನೆಯಿದ್ದ ಓಣಿ ಮುಂದೆ ಆಲಮಟ್ಟಿ ಹಿನ್ನೀರಿನ ಪಾಲಾಯಿತು.) ವಕೀಲರು ಇಬ್ಬರಿಗೂ ದಿವಾಳಿ ಅರ್ಜಿಯೇ ದಾರಿ ಎಂದರು.

ಇಲ್ಲಿ ಒಂದು ಸೂಕ್ಷ್ಮವಿದೆ. ಇಬ್ಬರೂ ಮೋಮಿನರು. ಅದೇ ಸಾವಕಾರನಿಗೆ ಅದೇ ಮೊತ್ತ ಕೊಡಬೇಕಿದ್ದ ದೇವಾಂಗ ನೇಕಾರನೊಬ್ಬನಿದ್ದರೆ, ಬಡ್ಡಿ ಎಷ್ಟೇ ಬೆಳೆದರೂ ಅಸಲಿನಷ್ಟಕ್ಕೆ ನಿಲ್ಲುತ್ತಿತ್ತು. ಏಕೆಂದರೆ ಮುಂಬಯಿ ಹೈಕೋರ್ಟು ದಾಮದುಪ್ಪಟವನ್ನು ಹಿಂದೂ ಕಾನೂನೆಂದು ಪರಿಗಣಿಸಿ, ಸಾಲಗಾರ ಹಿಂದೂ ಆಗಿದ್ದರೆ ಮಾತ್ರ ಅನ್ವಯವೆಂದು ತೀರ್ಮಾನಿಸಿತ್ತು. ಮುಸಲ್ಮಾನ ಸಾಲಗಾರನಿಗೆ ಆ ತಡೆಗೋಡೆ ಇಲ್ಲ. ಬಡ್ಡಿಯೇ ನಿಷಿದ್ಧವೆನ್ನುವ ಧರ್ಮದವನಿಗೆ ಬಡ್ಡಿಯ ಮಿತಿಯೂ ಸಿಗಲಿಲ್ಲ! 1918ರ ದುಬಾರಿ ಬಡ್ಡಿ ಕಾಯ್ದೆ ಎಲ್ಲರಿಗೂ ಇತ್ತು ನಿಜ, ಆದರೆ ಅದು ಜಡ್ಜಿನ ಮನಸ್ಸಿಗೆ ಬಿಟ್ಟದ್ದು. ಈ ಅಂತರ ಹೋದದ್ದು 1946ರ ಮುಂಬಯಿ ಲೇವಾದೇವಿದಾರರ ಕಾಯ್ದೆಯಿಂದ. ಅಸಲಿಗಿಂತ ಹೆಚ್ಚು ಬಡ್ಡಿಗೆ ಡಿಕ್ರಿ ಕೊಡಕೂಡದೆಂದು ಅದು ಎಲ್ಲ ಕೋಮಿನವರಿಗೂ ಸೇರಿಸಿ ಹೇಳಿತು. ದಾದಾನ 540ರ ಬಡ್ಡಿ 600ರ ಅಸಲನ್ನು ಇನ್ನೂ ದಾಟಿರಲಿಲ್ಲ, ಆದರೆ ದಾಟಲು ಹೆಚ್ಚು ದಿನ ಬೇಕಿರಲಿಲ್ಲ, ದಾಟಿದರೆ ಕೇಳುವವರೂ ಇರಲಿಲ್ಲ. ರಾಜಿಗೆ ಕೂತಾಗ ಸಾವಕಾರನ ಕೈ ಮೇಲಿದ್ದದ್ದು ಹೀಗೆ.

ದಾದಾ ಏಕೆ ದಿವಾಳಿ ಬೇಡವೆಂದರು? ದಾದಿ ಹೇಳುತ್ತಿದ್ದ ಕಾರಣ ಮಾನ. ದಿವಾಳಿ ಎದ್ದ ಮನೆಗೆ ಹೆಣ್ಣು ಕೊಡುವುದಿಲ್ಲ, ಜಮಾತಿನ ಪಂಗ್ತಿಯಲ್ಲಿ ಮುಂದೆ ಕೂರಿಸುವುದಿಲ್ಲ. ನಾವು ಬಹಳ ವರ್ಷ ಇದನ್ನೇ ನಂಬಿದ್ದೆವು. ಕಾಯ್ದೆಯನ್ನು ಓದಿದ ಮೇಲೆ ಬೇರೆ ಕಾರಣಗಳೂ ಕಂಡವು, ಮತ್ತು ಅವು ಮಾನಕ್ಕಿಂತ ಗಟ್ಟಿಯಾಗಿವೆ. ಮೊದಲನೆಯದು ಕುಣಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಜಪ್ತಿಯಿಂದ ಕೆಲವು ವಸ್ತುಗಳನ್ನು ಉಳಿಸುತ್ತದೆ: ಉಟ್ಟ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಹತಾರ, ರೈತನ ಎತ್ತು, ಬಿತ್ತನೆ ಬೀಜ, ರೈತನು ವಾಸವಿರುವ ಮನೆ. ರೈತನ ಮನೆ ಉಳಿಯಿತು. ನೇಕಾರನ ಮಗ್ಗ ಹತಾರ, ಅದೂ ಉಳಿಯಿತು. ಆದರೆ ನೇಕಾರನ ಮನೆ? ಅದು ಪಟ್ಟಿಯಲ್ಲಿಲ್ಲ. ಕುಣಿಮಗ್ಗವೆಂದರೆ ನೆಲ ತೋಡಿ ಹೂಡಿದ್ದು. ಹಾಸು ಗೋಡೆಯಿಂದ ಗೋಡೆಗೆ ಚಾಚಿರುತ್ತದೆ. ಮನೆ ಹರಾಜಾಯಿತೆಂದರೆ ಕಟ್ಟಿಗೆಯ ಚೌಕಟ್ಟು ಎತ್ತಿಕೊಂಡು ಹೋಗಬಹುದು, ಕುಣಿ ಎತ್ತಿಕೊಂಡು ಹೋಗಲಾದೀತೇ? ಕಾಯ್ದೆ ಬರೆದ ದೊರೆಗಳು ಬಡಗಿಯ ಉಳಿ, ಕಮ್ಮಾರನ ಸುತ್ತಿಗೆಯನ್ನು ನೆನೆದಿರಬೇಕು.

ಎರಡನೆಯದು ಉದ್ರಿ. ಬಿಡುಗಡೆ ಸಿಗದ ದಿವಾಳಿಗಾರ ತನ್ನ ಸ್ಥಿತಿ ಹೇಳದೆ 50 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ಉದ್ರಿ ಪಡೆದರೆ 1920ರ ಕಾಯ್ದೆಯಲ್ಲಿ ಅದು ಅಪರಾಧ, ಜೇಲು. ಹೇಳಿದರೆ ಯಾರು ಕೊಡುತ್ತಾರೆ? ಉದ್ರಿಯಿಲ್ಲದೆ ಒಂದು ವಾರವೂ ಲಾಳಿ ಆಡದ ಕಸುಬಿಗೆ ಇದು ಗಂಟಲು ಹಿಸುಕಿದಂತೆ. ಬಿಡುಗಡೆಯಾದರೂ ಸುಲಭವೇ? ಆಸ್ತಿ ಮಾರಿ ಬಂದ ಹಣ ಸಾಲದ ರೂಪಾಯಿಗೆ 8 ಆಣೆಯಷ್ಟೂ ಬಾರದಿದ್ದರೆ, ಅದು ತನ್ನ ತಪ್ಪಿನಿಂದಲ್ಲ ಎಂದು ಸಾಲಗಾರ ಸಾಬೀತು ಮಾಡಬೇಕು, ಇಲ್ಲವಾದರೆ ಕೋರ್ಟು ಪೂರ್ಣ ಬಿಡುಗಡೆ ನಿರಾಕರಿಸಲೇಬೇಕು. ಹೇಳಿದ ಮುದ್ದತ್ತಿನಲ್ಲಿ ಬಿಡುಗಡೆಗೆ ಅರ್ಜಿ ಹಾಕಲು ಮರೆತರೆ ದಿವಾಳಿಯ ಆದೇಶವೇ ರದ್ದು. ಸಾಲ ಮತ್ತೆ ಜೀವಂತ, ಹೋದದ್ದು ಹೋಯಿತು.

ಹಾಗಾದರೆ ದಾದಾ ಜಾಣರೇ? ರಾಜಿಯ ಕರಾರನ್ನು ನೋಡಿ. 1935ರಲ್ಲಿ ಊರ ಹಿರಿಯರು ಮುರ್ತುಜಾ ಖಾದ್ರಿ ದರ್ಗಾದ ಹತ್ತಿರ ಕೂತು 1,140ನ್ನು 800ಕ್ಕೆ ಇಳಿಸಿದರು. ಮುಂದೆ ಬಡ್ಡಿ ಇಲ್ಲ. ಸೀರೆಗೆ 8 ಆಣೆ ಮುರಿದುಕೊಳ್ಳುವುದು. ವಾರಕ್ಕೆ ಮೂರು ಸೀರೆಯಂತೆ ಹನ್ನೊಂದು ವರ್ಷದೊಳಗೆ ತೀರಬೇಕು. 340 ರೂಪಾಯಿ ಉಳಿಯಿತೆಂದು ಮನೆಯಲ್ಲಿ ಶುಕ್ರಾನಾ ನಮಾಜು. ಆದರೆ ಕೊನೆಯಲ್ಲೊಂದು ಸಾಲು: ಸಾಲ ತೀರುವವರೆಗೆ ಸೀರೆಯನ್ನು ಬೇರೆ ಯಾರಿಗೂ ಮಾರಕೂಡದು. ಬೇರೆಯವರಿಗೆ ಮಾರಲಾಗದ ಸೀರೆಗೆ ದರ ಕಟ್ಟುವವನು ಒಬ್ಬನೇ. ಪೇಟೆ ದರಕ್ಕಿಂತ ಸೀರೆಗೆ 12 ಆಣೆ ಕಡಿಮೆ ಸಿಗುತ್ತಿತ್ತೆಂದು ದಾದಿಯೇ ಹೇಳುತ್ತಿದ್ದರು, ಅದನ್ನೇನೂ ದೂರೆಂದು ಹೇಳುತ್ತಿರಲಿಲ್ಲ, ದಾದಾನ ತಾಳ್ಮೆ ತೋರಿಸಲು ಹೇಳುತ್ತಿದ್ದರು. ನಡುವೆ ಯುದ್ಧ ಬಂತು, ನೂಲಿಗೆ ಕಂಟ್ರೋಲು, ಮಗ್ಗ ತಿಂಗಳುಗಟ್ಟಲೆ ನಿಂತವು, ಒಂದನ್ನು ಮಾರಿದರು, ಅತ್ತೆಯ ಮದುವೆಗೆ ಹೊಸ ಸಾಲ ಹಳೆಯದಕ್ಕೆ ಕೂಡಿತು. 11 ವರ್ಷದ್ದು 18 ವರ್ಷವಾಯಿತು. ವರ್ಷಕ್ಕೆ ನೂರೇ ಸೀರೆ ಎಂದು ಹಿಡಿದರೂ 1,800 ಸೀರೆ. ಸೀರೆಗೆ 12 ಆಣೆಯಂತೆ 1,350 ರೂಪಾಯಿ. ಬಿಟ್ಟದ್ದು 340, ಕಾಣದಂತೆ ತೆಗೆದುಕೊಂಡದ್ದು 1,350. ಇದು ಭರಪಾಯಿ ಕಾಗದದಲ್ಲಿ ಎಲ್ಲೂ ಇಲ್ಲ. ದೊಡ್ಡಪ್ಪ ಒಂಬತ್ತನೆಯ ವಯಸ್ಸಿಗೆ ಶಾಲೆ ಬಿಟ್ಟು ಕುಣಿಗೆ ಇಳಿದದ್ದೂ ಇಲ್ಲ, ಅತ್ತೆಯರು ದೀಪದ ಬೆಳಕಲ್ಲಿ ಕಂಡಿಕೆ ಸುತ್ತಿದ್ದೂ ಇಲ್ಲ.

ಆಚೆ ಬದಿಯ ಮನೆಯ ಕಥೆ ಚಿಕ್ಕದು. ಮನೆ ಹರಾಜಾಯಿತು. ಎರಡು ವರ್ಷ ಬಾಡಿಗೆ ಹಿತ್ತಲಲ್ಲಿದ್ದು, ಮದುವೆ ಮುಂಜಿಗಳಲ್ಲಿ ಮುಖ ತಪ್ಪಿಸಿ, ಕೊನೆಗೆ ಸೋಲಾಪುರಕ್ಕೆ ಹೋಗಿ ಗಿರಣಿ ಸೇರಿದರು. ಅಲ್ಲಿ ಅವರನ್ನು ದಿವಾಳಿ ಎಂದು ಕರೆಯುವವರು ಇರಲಿಲ್ಲ. ಮಕ್ಕಳು ಉರ್ದು ಶಾಲೆಗೆ ಹೋದರು. ಒಬ್ಬ ಮಗ ಮಾಸ್ತರನಾದ. ಅವರೊಮ್ಮೆ ಉರುಸಿಗೆ ಬಂದಾಗ ನಮ್ಮ ದೊಡ್ಡಪ್ಪ ಅವರ ಜೊತೆ ಸಮನಾಗಿ ಕೂರಲು ಹಿಂಜರಿದದ್ದು ನಮಗೆ ನೆನಪಿದೆ. ಮಾನ ಉಳಿಸಿಕೊಂಡವರು ನಾವಲ್ಲವೇ?

ಒಂದೇ ಜೋಡಿ ಕಥೆಯಿಂದ ದಿವಾಳಿಯೇ ಮೇಲು ಎಂದು ತೀರ್ಪು ಕೊಡುವುದು ತಪ್ಪಾದೀತು. ಸೋಲಾಪುರದಲ್ಲಿ ಗಿರಣಿ ಇತ್ತು, ಕೆಲಸ ಸಿಕ್ಕಿತು. ಹೋಗಲು ಊರಿಲ್ಲದ ದಿವಾಳಿಗಾರನ ಗತಿಯೇನು? ನಮಗೆ ತೋಚುವುದು ಇಷ್ಟು: ದಿವಾಳಿ ಒಮ್ಮೆಲೇ, ಎಲ್ಲರ ಕಣ್ಣೆದುರಿಗೆ ಕಸಿಯುತ್ತದೆ, ರಾಜಿ ಮೆಲ್ಲಗೆ, ಯಾರಿಗೂ ಕಾಣದ ಹಾಗೆ. ಊರು ಕಣ್ಣಿಗೆ ಕಂಡದ್ದನ್ನೇ ಅವಮಾನವೆಂದು ಬಗೆಯಿತು.

ಮುಂದಿನ ಕಾಯ್ದೆಗಳ ಕಥೆಯನ್ನು ಬೇಗ ಹೇಳಿಬಿಡಬಹುದು. 1939ರಲ್ಲಿ, ಮತ್ತೆ 1947ರಲ್ಲಿ ಮುಂಬಯಿ ಕೃಷಿ ಸಾಲಗಾರರ ಪರಿಹಾರ ಕಾಯ್ದೆಗಳು ಬಂದವು. 15,000 ರೂಪಾಯಿವರೆಗಿನ ಸಾಲವನ್ನು ಸಾಲಗಾರನ ಶಕ್ತಿ ನೋಡಿ ಇಳಿಸಿ, ವಾರ್ಷಿಕ ಕಂತು ಕಟ್ಟಿಕೊಡುವ ಸರಕಾರಿ ರಾಜಿ ಅದು. ಅದೂ ಭೂಮಿ ಹಿಡಿದು ಸ್ವತಃ ಸಾಗುವಳಿ ಮಾಡುವವನಿಗೇ. ಕುಣಿಯವನು ಮತ್ತೆ ಹೊರಗೆ. ಅವನನ್ನು ಒಳಗೆ ಕರೆದದ್ದು ತುರ್ತುಪರಿಸ್ಥಿತಿಯ ದಿನಗಳಲ್ಲಿ, ದೇವರಾಜ ಅರಸರ ಸರಕಾರ ತಂದ 1976ರ ಕರ್ನಾಟಕ ಋಣ ಪರಿಹಾರ ಕಾಯ್ದೆ. ಸಣ್ಣ ರೈತ, ಭೂರಹಿತ ಕೂಲಿಕಾರರ ಜೊತೆಗೆ ವರ್ಷಕ್ಕೆ 2,400 ರೂಪಾಯಿ ಆದಾಯ ದಾಟದ ದುರ್ಬಲ ವರ್ಗದವರ ಸಾಲವೂ ಪೂರಾ ಮನ್ನಾ. ಒತ್ತೆಯಿಟ್ಟ ಒಡವೆ ಪಾತ್ರೆ ವಾಪಸು. ಅದು ದಿವಾಳಿಯೂ ಅಲ್ಲ, ರಾಜಿಯೂ ಅಲ್ಲ, ಸುಪೆಯಲ್ಲಿ ಸುಟ್ಟ ಕಾಗದಗಳನ್ನು ಸರಕಾರವೇ ಸುಟ್ಟಂತೆ. ನಮ್ಮ ಓಣಿಯ ಹೆಂಗಸರು ತಾಮ್ರದ ಹಂಡೆ ತಲೆಮೇಲೆ ಹೊತ್ತು ಮನೆಗೆ ತಂದ ದಿನವನ್ನು ಹಬ್ಬವೆಂದು ನೆನೆಯುತ್ತಿದ್ದರು. ಮರುವರ್ಷ ಹಂಡೆ ಒತ್ತೆಯಿಡಲು ಹೋದರೆ ಸಾವಕಾರ ಕೇಳಿದನಂತೆ: "ಒತ್ತಿ ಬ್ಯಾಡ, ಮಾರ್ತೀಯೇನಬೇ?"

ಆಮೇಲಿನದು ಮನ್ನಾಗಳ ಕಾಲ. 2008ರ ಕೇಂದ್ರದ ಯೋಜನೆ ಸಣ್ಣ ರೈತರಿಗೆ ಮನ್ನಾ, ಉಳಿದವರು ಮುಕ್ಕಾಲು ಕಟ್ಟಿದರೆ ಕಾಲುಭಾಗ ಬಿಡುವ ಒಂದೇ ಬಾರಿಯ ತೀರುವಳಿ. 2019ರ ಜುಲೈಯಲ್ಲಿ ಕುಮಾರಸ್ವಾಮಿಯವರು ಕುರ್ಚಿ ಬಿಡುವ ಹೊತ್ತಿಗೆ ಹೊಸ ಋಣ ಪರಿಹಾರ ಕಾಯ್ದೆ ಜಾರಿಯಾಯಿತು. ಅದೇ ವಾರ ಅಧಿಕಾರಕ್ಕೆ ಬಂದ ಯಡಿಯೂರಪ್ಪನವರು ನೇಕಾರರ ಸಾಲ ಮನ್ನಾ ಘೋಷಿಸಿದರು. ಅದು ಬ್ಯಾಂಕು, ಸಹಕಾರ ಸಂಘಗಳ ಸಾಲ. ಕುಣಿಯವನ ನಿಜವಾದ ಸಾಲ ಬೇರೆ ಕಡೆ ಇತ್ತು. 2016ರ ದಿವಾಳಿ ಸಂಹಿತೆ ದೊಡ್ಡ ಕಂಪನಿಗಳ ಸಾವಿರಾರು ಕೋಟಿಯನ್ನು ಇತ್ಯರ್ಥ ಮಾಡಿತು. ಅದರಲ್ಲೇ ಬಡವನಿಗಾಗಿ 'ಹೊಸ ಆರಂಭ' ಎಂಬ ಅಧ್ಯಾಯವಿದೆ: ವಾರ್ಷಿಕ ಆದಾಯ 60,000, ಆಸ್ತಿ 20,000, ಸಾಲ 35,000 ರೂಪಾಯಿ ಮೀರದಿದ್ದರೆ, ಸ್ವಂತ ಮನೆಯಿಲ್ಲದಿದ್ದರೆ ಸಾಲ ಅಳಿಸಿಕೊಳ್ಳಬಹುದು. ಕಂಪನಿಗಳಿಗೆ ಜಾಮೀನು ನಿಂತವರಿಗೆ 2019ರ ಡಿಸೆಂಬರಿನಲ್ಲಿ ಜಾರಿಯಾದ ಭಾಗ, ಕಂಪನಿಯಿಲ್ಲದ ಮನುಷ್ಯರಿಗೆ ಜಾರಿಯಾಗಲಿಲ್ಲ. ಇಳಕಲ್ಲಿನವನಿಗೆ ಇವತ್ತಿಗೂ ದಾದಾನ ಕಾಲದ 1920ರ ಕಾಯ್ದೆಯೇ ಗತಿ. ಒಂದು ಮಾತ್ರ ಬದಲಾಗಿದೆ. 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರರ ಪೀಠ, ಕೈಲಾಗದ ಬಡತನಕ್ಕಾಗಿ ಸಾಲಗಾರನನ್ನು ಜೇಲಿಗೆ ಹಾಕುವಂತಿಲ್ಲ, ಇದ್ದೂ ಕೊಡದ ದುರ್ಬುದ್ಧಿ ಇರಬೇಕು ಎಂದು ಹೇಳಿತು.

ಈಗಿನ ಸಾವಕಾರ ಮೋಟಾರು ಸೈಕಲ್ಲಿನಲ್ಲಿ ವಾರಕ್ಕೊಮ್ಮೆ ಬರುತ್ತಾನೆ. ಸಾಲ ಹೆಂಗಸರ ಹೆಸರಿಗೆ, ಜಾಮೀನು ಗುಂಪಿನ ಉಳಿದ ಹೆಂಗಸರು. 2009ರಲ್ಲಿ ಕೋಲಾರದಲ್ಲಿ ಅಂಜುಮನ್ ಮುಖಂಡರು ಮೈಕ್ರೋಫೈನಾನ್ಸ್ ಕಂತು ಕಟ್ಟಬೇಡಿರೆಂದು ಮುಸ್ಲಿಂ ಹೆಂಗಸರಿಗೆ ಫರ್ಮಾನು ಹೊರಡಿಸಿದರು. ಅದು ಶಿಡ್ಲಘಟ್ಟ, ರಾಮನಗರ, ಮೈಸೂರಿನವರೆಗೆ ಹಬ್ಬಿತು. ಕಂಪನಿಗಳು ಓಡಿದವು. ಹೆಂಗಸರಿಗೆ ಮುಂದೆ ಸಾಲ ಯಾರು ಕೊಡುತ್ತಾರೆಂದು ಮುಖಂಡರು ಯೋಚಿಸಿದಂತಿಲ್ಲ. ಸಾಲ ಮಾಡಿದ ಹೆಂಗಸರನ್ನು ಆ ಬೈಠಕ್ಕುಗಳಿಗೆ ಕರೆದರೇ ಎಂಬುದೂ ಕೇಳಬೇಕಾದ ಪ್ರಶ್ನೆ. 2025ರಲ್ಲಿ ರಾಜ್ಯ ಸರಕಾರ ಕಿರುಸಾಲದ ಕಿರುಕುಳದ ವಿರುದ್ಧ ಕಾಯ್ದೆ ತಂದಿತು. ನೋಂದಣಿಯಿಲ್ಲದವರ ಸಾಲ ಬಡವರ ಮೇಲೆ ನಿಲ್ಲದು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೇಲು. ರಿಜರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡವರ ಸಾಲ ಮಾತ್ರ ಹಾಗೇ ಉಳಿಯಿತು.

ನಮ್ಮ ಚಾಚಾನ ಮಗಳು ಇಳಕಲ್ಲಿನಲ್ಲೇ ಇದ್ದಾಳೆ. ಐದು ಕಡೆಯ ಸಾಲ. ಗಂಡ ಗೋವಾದಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದಾನೆ. ಒಂದು ಕಂಪನಿ ಲೋಕ ಅದಾಲತಿನಲ್ಲಿ ರಾಜಿಗೆ ಕರೆದಿದೆ: ಅರವತ್ತು ಸಾವಿರಕ್ಕೆ ನಲವತ್ತು ಕಟ್ಟಿದರೆ ಮುಗಿಯಿತು. ಲೋಕ ಅದಾಲತಿನ ತೀರ್ಪಿಗೆ ಮೇಲ್ಮನವಿ ಇಲ್ಲ, ಅಲ್ಲಿಗೆ ಆ ಸಾಲ ನಿಜವಾಗಿಯೂ ಮುಗಿಯುತ್ತದೆ. ಆದರೆ ಸಿಬಿಲ್ ದಾಖಲೆಯಲ್ಲಿ 'ತೀರಿದೆ' ಎನ್ನುವ ಬದಲು 'ಸೆಟಲ್ಡ್' ಎಂದು ಬೀಳುತ್ತದೆ, ಏಳು ವರ್ಷ ಯಾವ ಬ್ಯಾಂಕೂ ಹತ್ತಿರ ಸೇರಿಸದು. ನಲವತ್ತು ಸಾವಿರ ತರುವುದೆಲ್ಲಿಂದ? ಆರನೆಯ ಕಡೆಯಿಂದ. ದಿವಾಳಿ ಅರ್ಜಿಯ ಬಗ್ಗೆ ಹುನಗುಂದದ ವಕೀಲರೊಬ್ಬರನ್ನು ಕೇಳಿದೆವು. ತಮ್ಮ ಇಪ್ಪತ್ತು ವರ್ಷದ ವಕೀಲಿಯಲ್ಲಿ ಇಂಥ ಒಂದು ಅರ್ಜಿಯನ್ನೂ ಬರೆದಿಲ್ಲವೆಂದು ನಕ್ಕರು. ಆಮೇಲೆ, ಓದಿ ಹೇಳುತ್ತೇನೆ ಎಂದರು.

ಕಳೆದ ತಿಂಗಳು ಆಕೆ ಮನೆಗೆ ಬಂದಿದ್ದಳು. ನಾವು ಟ್ರಂಕಿನಿಂದ ಕಾಗದ ತೆಗೆದು ತೋರಿಸಿದೆವು, 1,350ರ ಲೆಕ್ಕವನ್ನೂ ಹೇಳಿದೆವು. ಹರಿದ ಮೂಲೆಯನ್ನು ಬೆರಳಿನಿಂದ ಸವರುತ್ತ ಬಹಳ ಹೊತ್ತು ಸುಮ್ಮನಿದ್ದಳು. ಕೊನೆಗೆ ಕೇಳಿದಳು: "ಭಾಯಿಜಾನ್, ಆಚೆ ಮನೆಯವರು ಸೋಲಾಪುರಕ್ಕ ಹೋಗಾಗ ಅವರ ಹೆಣ್ಮಕ್ಕಳಿಗೆ ಎಷ್ಟು ವರ್ಸಾಗಿತ್ತು?" ಆಕೆಯ ಹಿರಿಮಗಳಿಗೆ ಹದಿಮೂರು. ನಮಗೆ ಗೊತ್ತಿರಲಿಲ್ಲ. ದಾದಿ ಅದನ್ನು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.